ಹಾರ್ಟ್ ವಾರ್ಡಿನಲ್ಲಿ ಕಿಡ್ನಿಯ ಲೆಕ್ಕ

ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ರಾತ್ರಿ ಜೊತೆಗಿರುವ ಕೆಲಸ ಬೀಳುವುದು ಓದುತ್ತಿರುವವರ ಅಥವಾ ಕೆಲಸ ಹುಡುಕುತ್ತಿರುವವರ ಮೇಲೆ. ‘ನಿಂಗೇನು, ಖಾಲಿ ಇದ್ದೀಯಲ್ಲ’ ಎಂಬ ಮಾತು ನಮ್ಮಲ್ಲಿ ಹಲವರಿಗೆ ಹೊಸದಲ್ಲ. ಹಾಗಾಗಿ ಹೃದಯ ವೈಫಲ್ಯಕ್ಕೆಂದು ಸೇರಿಸಿದ ಹಿರಿಯರಿಗೆ ಮೂರನೇ ದಿನ ‘ಕ್ರಿಯಾಟಿನಿನ್ ಏರಿದೆ, ಕಿಡ್ನಿಗೆ ತೊಂದರೆ ಆಗ್ತಿದೆ’ ಎಂದು ಡಾಕ್ಟರು ಹೇಳಿದಾಗ ಅದನ್ನು ಕೇಳಿಸಿಕೊಳ್ಳುವವರೂ ನಾವೇ. ನಮ್ಮಜ್ಜನಿಗೆ ಹೀಗಾದಾಗ ಊರಿನಿಂದ ಬಂದ ಫೋನುಗಳೆಲ್ಲ ಒಂದೇ ತೀರ್ಪು ಕೊಟ್ಟವು: ‘ಇಂಜೆಕ್ಷನ್ ಕೊಟ್ಟು ಕೊಟ್ಟು ಕಿಡ್ನಿ ಹಾಳು ಮಾಡಿದ್ರು!’

ಈ ತೀರ್ಪು ಬಹಳ ಸಲ ತಪ್ಪು ಎನ್ನುವುದು ನನ್ನ ವಾದ. ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ ಹೋಗುವುದು ಕಿಡ್ನಿಗಳಿಗೆ. ಪಂಪ್ ಸೋತರೆ ಅಲ್ಲಿಗೆ ರಕ್ತ ಕಡಿಮೆಯಾಗುತ್ತದೆ. ಜೊತೆಗೆ ರಕ್ತ ಹೃದಯಕ್ಕೆ ಮರಳುವ ದಾರಿಯಲ್ಲಿ ಒತ್ತಡ ಏರುತ್ತದೆ. ಮುಂದೆ ಕಾಲುವೆ ಕಟ್ಟಿಕೊಂಡರೆ ಹಿಂದಿನ ಗದ್ದೆಯಲ್ಲಿ ನೀರು ನಿಲ್ಲುತ್ತದಲ್ಲ, ಹಾಗೆ. ಕಾಲು ಊದಿದ್ದು ನಮಗೆ ಕಾಣುತ್ತದೆ, ಕಿಡ್ನಿ ಕಟ್ಟಿಕೊಂಡದ್ದು ಕಾಣುವುದಿಲ್ಲ. ಈ ಕಾಯಿಲೆಗೆ ಆಸ್ಪತ್ರೆ ಸೇರುವ ಸುಮಾರು ನಾಲ್ವರಲ್ಲಿ ಒಬ್ಬರ ಕಿಡ್ನಿ ಕೆಲಸ ಅಲ್ಲಿರುವಾಗಲೇ ಕುಗ್ಗುತ್ತದೆ.

ನೀರು ಇಳಿಸುವ ಫ್ಯೂರೋಸೆಮೈಡ್ ಮೇಲೆ ಎಲ್ಲರ ಸಿಟ್ಟು. 2011ರಲ್ಲಿ ಪ್ರಕಟವಾದ ‘ಡೋಸ್’ ಎಂಬ ಅಧ್ಯಯನದಲ್ಲಿ 308 ರೋಗಿಗಳಿದ್ದರು. ಹೆಚ್ಚು ಪ್ರಮಾಣದ ಔಷಧ ಪಡೆದವರಲ್ಲಿ ಮೊದಲ ಮೂರು ದಿನ ಕ್ರಿಯಾಟಿನಿನ್ ಏರಿದವರು ಜಾಸ್ತಿ, ನಿಜ. ಆದರೆ 60 ದಿನಗಳ ಹೊತ್ತಿಗೆ ಎರಡು ಗುಂಪಿನ ನಡುವೆ ಕಿಡ್ನಿ ವಿಷಯದಲ್ಲಿ ವ್ಯತ್ಯಾಸ ಉಳಿದಿರಲಿಲ್ಲ. ಹಾಗೆಂದು ಏರಿಕೆಯನ್ನು ಕಡೆಗಣಿಸುವಂತಿಲ್ಲ. 48 ಗಂಟೆಯಲ್ಲಿ 0.3 ಏರಿದರೂ ವೈದ್ಯರು ಅದನ್ನು ಕಿಡ್ನಿ ಹಾನಿಯ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಊತ ಇಳಿಯುತ್ತಾ ಏರಿತೋ, ಊತ ಇರುವಾಗಲೇ ಏರಿತೋ ಎಂಬುದರ ಮೇಲೆ ಅದರ ಅರ್ಥ ಬದಲಾಗುತ್ತದೆ. ಇದನ್ನು ಡಾಕ್ಟರನ್ನೇ ಕೇಳಬೇಕು, ದೊಡ್ಡಪ್ಪನ ವಾಟ್ಸ್‌ಆ್ಯಪನ್ನಲ್ಲ.

ಆಸ್ಪತ್ರೆಗಳ ಬಗ್ಗೆಯೂ ನನ್ನದೊಂದು ತಕರಾರಿದೆ. ಮೂತ್ರ ಅಳೆದು ಬರೆಯುವ ಹಾಳೆಯನ್ನು ನಮ್ಮ ಕೈಗೆ ಕೊಡುತ್ತಾರೆ, ಯಾಕೆಂದು ಹೇಳುವುದಿಲ್ಲ. ಡಿಸ್ಚಾರ್ಜ್ ಸಮರಿ ಇಂಗ್ಲಿಷಿನಲ್ಲಿ ಪುಟಗಟ್ಟಲೆ. ಸೇರಿದ ದಿನ ಕ್ರಿಯಾಟಿನಿನ್ ಎಷ್ಟಿತ್ತು, ಬಿಡುವಾಗ ಎಷ್ಟು, ತೂಕ ಎಷ್ಟು, ಮತ್ತೆ ರಕ್ತ ಪರೀಕ್ಷೆ ಯಾವತ್ತು ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಟ್ಟರೆ ಎಷ್ಟೋ ಮನೆಗಳ ಗಾಬರಿ ಇಳಿಯುತ್ತದೆ. ಕೊಡುವುದಿಲ್ಲವಾದರೆ ನಾವೇ ಕೇಳಿ ಬರೆದುಕೊಳ್ಳೋಣ. ಕೆಪಿಎಸ್‌ಸಿಗೆ ಇಷ್ಟು ನೋಟ್ಸ್ ಮಾಡುವವರಿಗೆ ಇದೇನು ಕಷ್ಟ?

ಮನೆಗೆ ಬಂದ ಮೇಲೆ ಎಡವಟ್ಟಾಗುವುದು ಎರಡು ಕಡೆ. ಕಿಡ್ನಿ ಹೋಗುತ್ತದೆಂದು ಹೆದರಿ ನೀರಿನ ಮಾತ್ರೆಯನ್ನು ತಾವೇ ನಿಲ್ಲಿಸುತ್ತಾರೆ. ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫಿನಾಕ್, ಐಬುಪ್ರೊಫೇನ್ ತಂದು ನುಂಗುತ್ತಾರೆ. ಈ ನೋವಿನ ಮಾತ್ರೆಗಳು ಕಿಡ್ನಿಗೆ ಹರಿಯುವ ರಕ್ತ ತಗ್ಗಿಸಿ ಉಪ್ಪು, ನೀರನ್ನು ಮೈಯಲ್ಲೇ ಉಳಿಸುತ್ತವೆ. ಅಂಗಡಿಗೆ ಹೋಗಿ ತರುವವರು ಸಾಮಾನ್ಯವಾಗಿ ನಾವೇ ಆದ್ದರಿಂದ ತರುವ ಮೊದಲು ಡಾಕ್ಟರನ್ನು ಕೇಳುವವರೂ ನಾವೇ ಆಗಬೇಕು. ದಿನಾ ಬೆಳಿಗ್ಗೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಮುಂದಿನ ಚೆಕಪ್‌ಗೆ ಕಾಯದೆ ಅವತ್ತೇ ಫೋನ್ ಮಾಡಿ.