ಮರಳದ ತಲೆಮಾರು

ಜಯನಗರ, ಜೆ.ಪಿ. ನಗರಗಳ ಕಟ್ಟಡಗಳಲ್ಲಿ ದುಡಿಯಲು ರಾಯಚೂರು, ಯಾದಗಿರಿಗಳಿಂದ ಬರುತ್ತಿದ್ದ ಹಿರಿಯರನೇಕರು ಲೋಲಕದಂತಿದ್ದರು: ಸುಗ್ಗಿ ಮುಗಿದೊಡನೆ ಬೆಂಗಳೂರು, ಮುಂಗಾರು ಬಿದ್ದೊಡನೆ ಊರು. ಹೊಲವೇ ಅವರನ್ನು ಹಿಂದಕ್ಕೆಳೆಯುವ ಬಲ.

ಶೆಡ್ಡುಗಳಲ್ಲಿ ಬೆಳೆದ ಅವರ ಮಕ್ಕಳಲ್ಲಿ ಆ ಬಲವು ಕುಂದಿದೆ. ಕೂರಿಗೆ ಹಿಡಿದರಿಯದ ಇವರು ಇಲ್ಲಿಯೇ ನೆಲೆಸಬಯಸುತ್ತಾರೆ. ನಮ್ಮ ಏರ್ಪಾಡುಗಳಾದರೋ ಇವರೂ ಮರಳುವರೆಂದೇ ಎಣಿಸುತ್ತವೆ.

1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯು ಗುತ್ತಿಗೆದಾರನ ಮೂಲಕ ರಾಜ್ಯದ ಗಡಿ ದಾಟಿದವರನ್ನು ಮಾತ್ರ ಗಣಿಸಿತು. 40 ಕಿಲೋಮೀಟರು ದೂರದ ಹೊಸೂರಿನವನು ವಲಸಿಗನಾದನು. ಸುಮಾರು 500 ಕಿಲೋಮೀಟರು ದೂರದ ಯಾದಗಿರಿಯವನು ಆಗಲಿಲ್ಲ. ಶೆಡ್ಡಿನಲ್ಲಿಯೇ ಹುಟ್ಟಿದ ಮಗುವಂತೂ ಯಾವ ಗಡಿಯನ್ನೂ ದಾಟಿಲ್ಲ.

ಅಳತೆಗೋಲು ತಪ್ಪಿದರೆ ಅಳತೆಯೂ ತಪ್ಪುತ್ತದೆ. ಆದುದರಿಂದ, ಹುಟ್ಟೂರು ಯಾವುದೆಂದು ಕೇಳದೆ, ಇಂದು ಬಾಳುವ ಸ್ಥಳದಲ್ಲಿಯೇ ಇವರಿಗೆ ಶಾಲೆ, ಪಡಿತರ, ಸೂರುಗಳು ದೊರೆಯಬೇಕೆಂದು ನಾವು ಭಾವಿಸುತ್ತೇವೆ.