ಕಡತಕ್ಕೊಂದು ಹೆಸರು, ಬಳಗಕ್ಕೊಂದು ಕಪಾಟು

ಐದಾರು ಜನ ಸೇರಿ ನಡೆಸುವ ಸಾಹಿತ್ಯ ಬಳಗಕ್ಕೆ ಕಡತಗಳ ಚಿಂತೆ ಇರುವುದಿಲ್ಲ. ಫೋಟೋ ಯಾರ ಬಳಿ ಇದೆ, ಕವಿಗೋಷ್ಠಿಯ ಧ್ವನಿಮುದ್ರಣ ಯಾರ ಫೋನಿನಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಬಳಗ ಬೆಳೆದು, ಮಂಜಲ್‌ಪುರದವರು ಬರೆದದ್ದನ್ನು ಸೂರತ್ತಿನವರು ತಿದ್ದಿ, ಅಹಮದಾಬಾದಿನವರು ಮುಖಪುಟ ರಚಿಸುವ ಹೊತ್ತಿಗೆ ಈ ಸಾಮೂಹಿಕ ನೆನಪು ಕೈಕೊಡುತ್ತದೆ. ಆಗ ‘ಫೈನಲ್’, ‘ಫೈನಲ್ ಹೊಸತು’, ‘ಇದೇ ಫೈನಲ್’ ಎಂಬ ಮೂರು ಕಡತಗಳು ಹುಟ್ಟುತ್ತವೆ. ಅಚ್ಚಿಗೆ ಹೋಗುವುದು ಸಾಮಾನ್ಯವಾಗಿ ನಾಲ್ಕನೆಯದು.

ಇನ್ನಷ್ಟು ಸಂಗ್ರಹ ಜಾಗ ಕೊಳ್ಳೋಣ ಎಂಬ ಸಲಹೆ ಪದೇ ಪದೇ ಬರುತ್ತಿದೆ. ಅದರಿಂದ ಗೊಂದಲಕ್ಕೆ ವಿಶಾಲವಾದ ಮನೆ ದೊರೆತೀತು, ಅಷ್ಟೆ. ಹೆಸರಿಡುವ ಒಂದು ಕಟ್ಟುಪಾಡು, ಅದನ್ನು ಪಾಲಿಸಿರೆಂದು ಹೇಳುವ ಅಧಿಕಾರವುಳ್ಳ ಒಬ್ಬರು, ಇವೆರಡು ಮೊದಲು ಬೇಕು ಎಂಬುದು ನನ್ನ ವಾದ.

ಇದಕ್ಕೆ ಮಾದರಿ ನಮ್ಮ ವಡೋದರದಲ್ಲೇ ಇದೆ. ಇಲ್ಲಿನ ಪ್ರಾಚ್ಯವಿದ್ಯಾ ಸಂಸ್ಥೆ ವಾಲ್ಮೀಕಿ ರಾಮಾಯಣದ ವಿಮರ್ಶಾತ್ಮಕ ಆವೃತ್ತಿಯನ್ನು 1960ರಿಂದ 1975ರವರೆಗೆ ಏಳು ಸಂಪುಟಗಳಲ್ಲಿ ಹೊರತಂದಿತು. ಬಾಲಕಾಂಡವನ್ನು ಸಂಪಾದಿಸಿದವರು ಜಿ. ಎಚ್. ಭಟ್ಟರು, ಉತ್ತರಕಾಂಡ ಯು. ಪಿ. ಶಾ ಅವರ ಕೈಯಲ್ಲಿ ಮುಗಿಯಿತು. ನಡುವಿನ ಕಾಂಡಗಳಿಗೆ ಬೇರೆ ವಿದ್ವಾಂಸರು. ಹಸ್ತಪ್ರತಿಗಳೋ ದೇಶದ ನಾನಾ ಮೂಲೆಗಳಿಂದ, ನಾನಾ ಲಿಪಿಗಳಲ್ಲಿ ಬಂದಂಥವು. ಪ್ರತಿಯೊಂದಕ್ಕೂ ಅದರ ಲಿಪಿಯನ್ನು ಸೂಚಿಸುವ ಒಂದು ಅಕ್ಷರ, ಪಕ್ಕದಲ್ಲಿ ಒಂದು ಅಂಕಿ. ಯಾವ ಪಾಠಾಂತರ ಯಾವ ಪ್ರತಿಯಲ್ಲಿದೆ ಎಂಬುದನ್ನು ಅಡಿಟಿಪ್ಪಣಿಯ ಆ ಸಂಕೇತವೇ ಹೇಳುತ್ತದೆ. ಆ ಜ್ಞಾನ ಒಬ್ಬರ ತಲೆಯೊಳಗೆ ಉಳಿದಿದ್ದರೆ ಸಂಪಾದಕರು ಬದಲಾದಾಗಲೆಲ್ಲ ಕೆಲಸ ಮೊದಲಿನಿಂದ ಶುರುವಾಗಬೇಕಿತ್ತು.

ನಮ್ಮದು ಅಷ್ಟು ಘನವಾದ ಕಾರ್ಯವಲ್ಲ, ನಿಜ. ಆದರೂ ‘2025-11-01_ರಾಜ್ಯೋತ್ಸವ_ಕವಿಗೋಷ್ಠಿ_ಮೂಲ’ ಎಂದು ಬರೆಯಲು ಹತ್ತು ಸೆಕೆಂಡು ಸಾಕು. ವರ್ಷ ಮೊದಲು ಬಂದರೆ ಗಣಕಯಂತ್ರ ತಾನಾಗಿಯೇ ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ‘ಮೂಲ’ ಎಂದಿದ್ದನ್ನು ಯಾರೂ ತಿದ್ದಕೂಡದು. ತಿದ್ದುವವರು ಪ್ರತಿ ಮಾಡಿಕೊಳ್ಳಲಿ.

‘ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದೇನಲ್ಲ’ ಎಂಬ ಉತ್ತರ ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಚಿತ್ರವಾಗಿ ಕಳಿಸಿದ ಫೋಟೋ ಕುಗ್ಗಿಯೇ ತಲುಪುತ್ತದೆ; ಪರದೆಯ ಮೇಲೆ ಚೆನ್ನಾಗಿ ಕಂಡದ್ದು ಸ್ಮರಣಸಂಚಿಕೆಯಲ್ಲಿ ಮಸುಕಾಗುವುದು ಇದರಿಂದಲೇ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಗಾತ್ರ ಉಳಿಯುತ್ತದೆ. ಧ್ವನಿಯ ವಿಷಯದಲ್ಲಂತೂ ಜಿಪುಣತನ ಸಲ್ಲದು. ಸಿ.ಡಿ. ಗುಣಮಟ್ಟದ ಮುದ್ರಣ ನಿಮಿಷಕ್ಕೆ ಸುಮಾರು 10 ಎಂಬಿ, ಗಂಟೆಗೆ 600 ಎಂಬಿ. ಇಂದಿನ ಹಾರ್ಡ್ ಡಿಸ್ಕಿಗೆ ಅದೊಂದು ಭಾರವೇ ಅಲ್ಲ. ಉದ್ಯೋಗಕ್ಕೆಂದು ದಶಕಗಳ ಹಿಂದೆ ಈ ನಾಡಿಗೆ ಬಂದು, ಗುಜರಾತಿ ಬೆರೆತ ಧಾರವಾಡದ ಕನ್ನಡದಲ್ಲೋ ಮಂಗಳೂರಿನ ಕನ್ನಡದಲ್ಲೋ ತಮ್ಮ ಕಥೆ ಹೇಳಿದ ಹಿರಿಯರ ಧ್ವನಿಗಳು ನಮ್ಮಲ್ಲಿವೆ. ಅವರಲ್ಲಿ ಕೆಲವರು ಈಗಿಲ್ಲ. ಮತ್ತೊಮ್ಮೆ ಮುದ್ರಿಸಿಕೊಳ್ಳುವ ಅವಕಾಶವೂ ಇಲ್ಲ.

(ಹಳೆಯ ಸಂಚಿಕೆಗಳ ನುಡಿ, ಬರಹ ಕಡತಗಳದು ಇನ್ನೊಂದು ಪಾಡು. ಆ ಫಾಂಟ್ ಇಲ್ಲದ ಕಡೆ ಅವು ರೋಮನ್ ಅಕ್ಷರಗಳ ಕಸವಾಗಿ ತೆರೆದುಕೊಳ್ಳುತ್ತವೆ. ಅವನ್ನು ಯೂನಿಕೋಡಿಗೆ ತರುವ ಕೆಲಸವನ್ನು ಇನ್ನು ಮುಂದೂಡಬಾರದು.)

ನನ್ನನ್ನು ಹೆಚ್ಚು ಕಾಡುವುದು ಒಡೆತನದ ಪ್ರಶ್ನೆ. ಬಳಗದ ಸಾಮಗ್ರಿಯೆಲ್ಲ ಯಾರೋ ಒಬ್ಬ ಉತ್ಸಾಹಿ ಸದಸ್ಯರ ಖಾಸಗಿ ಗೂಗಲ್ ಖಾತೆಯಲ್ಲಿರುತ್ತದೆ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಗೂಗಲ್ ಅಳಿಸಿಹಾಕಬಹುದೆಂಬ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ನಮ್ಮಲ್ಲಿ ಅನೇಕರು ಕೇಂದ್ರ ಸರ್ಕಾರದ ನೌಕರರು, ವರ್ಗಾವಣೆಯ ಹಕ್ಕಿಗಳು. ಕಚೇರಿ ಬಿಡುವಾಗ ಬೀಗದ ಕೈ, ಕಡತಗಳ ಪಟ್ಟಿ ಒಪ್ಪಿಸಿ ಚಾರ್ಜ್ ರಿಪೋರ್ಟಿಗೆ ಸಹಿ ಹಾಕದೆ ಬಿಡುಗಡೆಯಿಲ್ಲ. ಬಳಗ ಬಿಡುವಾಗ ಮಾತ್ರ ಶಾಲು, ಹಾರ, ಒಂದು ಭಾವಚಿತ್ರ.

ಸೃಜನಶೀಲರಿಗೆ ಗುಮಾಸ್ತಿಕೆಯ ಶಿಸ್ತೇಕೆ ಎಂದು ಸ್ನೇಹಿತರು ನಗುತ್ತಾರೆ. ಕವಿತೆ ಬರೆಯುವುದಕ್ಕೆ ಅದು ಖಂಡಿತ ಬೇಡ. ಬರೆದದ್ದು ಹತ್ತು ವರ್ಷದ ಮೇಲೆ ಸಿಗಬೇಕಾದರೆ ಬೇಕು. ಆದ್ದರಿಂದ ಮುಂದಿನ ಕಾರ್ಯಕಾರಿ ಸಭೆಯಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಗಳ ಜೊತೆಗೆ ‘ಕಡತಪಾಲಕ’ರೊಬ್ಬರನ್ನೂ ಆರಿಸಬೇಕೆಂಬುದು ನನ್ನ ಸೂಚನೆ. ಖಾತೆ ಬಳಗದ ಹೆಸರಿನಲ್ಲಿರಲಿ, ಗುಪ್ತಪದ ಇಬ್ಬರಿಗೆ ತಿಳಿದಿರಲಿ, ಒಂದು ಪ್ರತಿ ಮೋಡದಲ್ಲಿ, ಇನ್ನೆರಡು ಬೇರೆ ಬೇರೆ ಊರಿನ ಹಾರ್ಡ್ ಡಿಸ್ಕುಗಳಲ್ಲಿ. ಸೂರತ್ತಿನ ಕಪಾಟಿನಲ್ಲಿ ಒಂದಿರಲಿ; ಇನ್ನೊಂದನ್ನು ಮಂಜಲ್‌ಪುರದಲ್ಲಿ ನಾನೇ ಇಟ್ಟುಕೊಳ್ಳುತ್ತೇನೆ, ನನ್ನ ವರ್ಗಾವಣೆಯ ಆದೇಶ ಬರುವವರೆಗೆ.