ತಾಲೂಕು ದಾಟದ ಮೊಬೈಲು

ನಮ್ಮ ಟೆಲಿಕಾಂ ಕಡತಗಳು ಹುಟ್ಟುಹಾಕಿದ ಚತುರ ಪದಗಳಲ್ಲಿ 'ಲಿಮಿಟೆಡ್ ಮೊಬಿಲಿಟಿ'ಗೆ ಮೊದಲ ಬಹುಮಾನ ಕೊಡಬೇಕು. ಕನ್ನಡದಲ್ಲಿ 'ಸೀಮಿತ ಸಂಚಾರ' ಎನ್ನಬಹುದು. 2001ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸ್ಥಿರ ದೂರವಾಣಿಯ ಲೈಸೆನ್ಸ್ ಇದ್ದ ಕಂಪನಿಗಳಿಗೆ ಇದನ್ನು ದಯಪಾಲಿಸಿತು. ಫೋನನ್ನು ಜೇಬಲ್ಲಿಟ್ಟು ಓಡಾಡಬಹುದು, ಆದರೆ ಹೆಚ್ಚುಕಡಿಮೆ ಒಂದು ತಾಲೂಕಿನಷ್ಟು ಜಾಗದೊಳಗೆ.

ಜಿಎಸ್‌ಎಂ ಕಂಪನಿಗಳು ಸಿಡಿದೆದ್ದವು. ಮೊಬೈಲ್ ಲೈಸೆನ್ಸಿಗೆ ದುಡ್ಡು ಸುರಿದವರು ತಾವು. ರಿಲಯನ್ಸ್, ಟಾಟಾ ಇಂಡಿಕಾಂ ಸಿಡಿಎಂಎ ಹಿಡಿದು ಹಿಂಬಾಗಿಲಿನಿಂದ ನುಗ್ಗುತ್ತಿವೆ ಎಂದು ಸುಪ್ರೀಂ ಕೋರ್ಟಿನವರೆಗೂ ಹೋದವು. 2003ರ ನವೆಂಬರಿನಲ್ಲಿ ಏಕೀಕೃತ ಲೈಸೆನ್ಸ್ ಬಂತು: ಯಾವ ತಂತ್ರಜ್ಞಾನವಾದರೂ ಸರಿ, ಸರ್ಕಾರ ತಟಸ್ಥ.

ಯಾರ ನಡುವೆ ತಟಸ್ಥ? ಕಂಪನಿ ಮತ್ತು ಕಂಪನಿಯ ನಡುವೆ. ಕಂಪನಿ ಮತ್ತು ಗಿರಾಕಿಯ ನಡುವಿನ ವ್ಯಾಜ್ಯ ಯಾರ ಕಣ್ಣಿಗೂ ಬೀಳಲಿಲ್ಲ.

ಈ ಕಥೆಯನ್ನು ಇಂದಿಗೂ ಎರಡು ತಂತ್ರಜ್ಞಾನಗಳ ಕುಸ್ತಿಯೆಂದೇ ಹೇಳುತ್ತಾರೆ, ಉತ್ತಮವಾದದ್ದು ಗೆದ್ದಿತಂತೆ. ಇದು ಪೊಳ್ಳು ಮಾತು. ಸಿಡಿಎಂಎ ಕಳಪೆಯೇನಲ್ಲ, ಜಿಎಸ್‌ಎಂ ಬಳಗದ 3ಜಿ ಕೂಡ ಅದೇ ತತ್ವದ ಮೇಲೆ ನಿಂತಿತು. ಬಳಕೆದಾರನಿಗೆ ಮುಖ್ಯವಾಗಿದ್ದ ವ್ಯತ್ಯಾಸ ಬೇರೆಯೇ. ಜಿಎಸ್‌ಎಂನಲ್ಲಿ ಸಿಮ್ ತೆಗೆದು ಬೇರೆ ಕಂಪನಿಯದನ್ನು ಹಾಕಬಹುದಿತ್ತು. ನಮ್ಮ ಸಿಡಿಎಂಎ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಸಿಮ್ ಇರಲೇ ಇಲ್ಲ. ಕಂಪನಿ ಬಿಟ್ಟರೆ ಫೋನನ್ನೂ ಬಿಟ್ಟ ಹಾಗೆ. ಇದು ಸಿಡಿಎಂಎ ತಂದಿಟ್ಟ ಅನಿವಾರ್ಯತೆಯಲ್ಲ. ತೆಗೆದು ಹಾಕಬಲ್ಲ ಕಾರ್ಡು ಸಿಡಿಎಂಎಗೂ ಇತ್ತು, ಚೀನಾದ ಯೂನಿಕಾಂ ಅದನ್ನು ಬಳಸಿತು. ಇಲ್ಲಿನ ಬೀಗ ವ್ಯಾಪಾರದ ಆಯ್ಕೆ.

"2003ರಲ್ಲಿ 501 ರೂಪಾಯಿಗೆ ಫೋನ್ ಕೈಗಿಟ್ಟವರು ಅವರೇ ಅಲ್ಲವೇ?" ಎಂದು ಕೇಳುವವರಿದ್ದಾರೆ. ನಿಜ, ಆ ಉಪಕಾರ ಸಣ್ಣದಲ್ಲ. ಪೈಪೋಟಿಯಿಂದ ದರವೂ ಇಳಿಯಿತು. ಆದರೆ ಮನೆ ಅಗ್ಗಕ್ಕೆ ಸಿಕ್ಕಿತು, ಬೀಗದ ಕೈ ಮಾಲೀಕನ ಸೊಂಟದಲ್ಲೇ ಉಳಿಯಿತು. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಹಕ್ಕು ದೇಶದಾದ್ಯಂತ ಸಿಕ್ಕಿದ್ದು 2011ರ ಜನವರಿಯಲ್ಲಿ. ಸಿಡಿಎಂಎ ಜಾಲಗಳು ಒಂದೊಂದಾಗಿ ಮುಚ್ಚಿದಾಗ ಆ ಸೆಟ್ಟುಗಳು ಮಕ್ಕಳ ಆಟಿಕೆಯಾದವು.

ಹಳೆಯ ಕಥೆ ಈಗೇಕೆ? ಹೊಸ ಪದವೊಂದು ಚಲಾವಣೆಯಲ್ಲಿದೆ: '2ಜಿ ಮುಕ್ತ ಭಾರತ'. 2020ರ ಜುಲೈನಲ್ಲಿ, ದೇಶದ ಮೊದಲ ಮೊಬೈಲ್ ಕರೆಗೆ 25 ವರ್ಷ ತುಂಬಿದಾಗ, 2ಜಿಯನ್ನು ಇತಿಹಾಸಕ್ಕೆ ಸೇರಿಸಬೇಕೆಂದು ಕರೆ ಕೊಟ್ಟವರು ಮುಕೇಶ್ ಅಂಬಾನಿ. 2016ರಲ್ಲಿ ಶುರುವಾದ ಅವರ ಜಿಯೋಗೆ 2ಜಿ ಜಾಲವೇ ಇಲ್ಲ, ಇರುವುದು ಎದುರಾಳಿಗಳಿಗೆ. 2017ರಲ್ಲಿ ಬಂದ ಜಿಯೋಫೋನ್ ಬೇರೆಯವರ ಸಿಮ್ ಒಪ್ಪುವುದಿಲ್ಲ. ಬೀಗ ಹಳೆಯದೇ, ಬಣ್ಣ ಹೊಸದು.

ಪೋಲಿಯೋ ಮುಕ್ತ, ಕ್ಷಯ ಮುಕ್ತ ಎನ್ನುವ ಬಾಯಲ್ಲೇ 2ಜಿ ಮುಕ್ತ ಎಂದರೆ ಕೀಪ್ಯಾಡ್ ಫೋನು ರೋಗವಾಗುತ್ತದೆ, ಅದನ್ನು ಹಿಡಿದವರು ರೋಗಿಗಳಾಗುತ್ತಾರೆ. ಮುಂಬೈ, ಪುಣೆ, ದೆಹಲಿಯಿಂದ ನಮ್ಮಲ್ಲಿ ಎಷ್ಟೋ ಜನ ಊರಿಗೆ ಮಾಡುವ ಕರೆ ಇಂದಿಗೂ ಅಂಥದೊಂದು ಸೆಟ್ಟಿನಲ್ಲೇ ರಿಂಗಾಗುತ್ತದೆ.

2ಜಿ ಎಂದೋ ಒಂದು ದಿನ ಹೋಗಲೇಬೇಕು, ಹೋಗಲಿ. ಆದರೆ ಅದಕ್ಕೆ ಮೊದಲು ಸರ್ಕಾರ ಒಂದು ನಿಯಮ ಮಾಡಲಿ: ಬದಲಿಗೆ ಕೊಡುವ ಅಗ್ಗದ ಫೋನು ಯಾವ ಕಂಪನಿಯ ಸಿಮ್ ಹಾಕಿದರೂ ಮಾತಾಡಬೇಕು. ಅಷ್ಟೂ ಆಗದಿದ್ದರೆ 'ಮುಕ್ತ' ಎಂಬ ಪದವನ್ನು ಮುಟ್ಟುವ ಹಕ್ಕು ಯಾರಿಗೂ ಇಲ್ಲ.